ಪೇಟಿಗೆ ಗಾಳಿ ಹಾಕುವವನು

ನನ್ನ ಹೆಂಡತಿಯ ತಮ್ಮ ಶರಣಪ್ಪ ಒಳ್ಳೆಯವನು. ಇದನ್ನು ಮೊದಲೇ ದಾಖಲಿಸಿಬಿಡುತ್ತೇನೆ, ಏಕೆಂದರೆ ಮುಂದೆ ಬರೆಯುವುದೆಲ್ಲ ಅವನ ಮೇಲಿನ ಹೊಟ್ಟೆಕಿಚ್ಚು. ನಾನು ಸಿಂಧನೂರಿನಲ್ಲಿ ಕೂತು ಸುತ್ತಲಿನ ತಾಲ್ಲೂಕುಗಳ ಸುದ್ದಿಯನ್ನು ಪತ್ರಿಕೆಗೆ ಕಳಿಸುವವನು. ಎರಡೂ ಕಡೆಯವರ ಮಾತು ಕೇಳದೆ ಒಂದು ಸಾಲನ್ನೂ ಬರೆಯಬಾರದೆಂಬ ಶಿಸ್ತು ನನಗೆ ಮೈಗೂಡಿದೆ. ಆದರೆ ಹೊಟ್ಟೆಕಿಚ್ಚಿಗೆ ಇರುವುದು ಒಂದೇ ಕಡೆ. ಎದುರಿನವನಿಗೆ ಸಂಗತಿಯೇ ಗೊತ್ತಿರುವುದಿಲ್ಲ.

ನನ್ನ ದೂರು ಇಷ್ಟು. ನಮ್ಮ ಕಡೆ ಮಗುವಿನ ಮೊದಲುಗಳೆಲ್ಲ ತಾಯಿಯ ತವರಿನ ಪಾಲು. ನಮ್ಮ ಮಗಳು ಪಾರು ಹುಟ್ಟಿದ್ದು ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ, ಅಂದರೆ ಹೆಂಡತಿ ನೀಲಮ್ಮನ ತವರಿನಲ್ಲಿ. ತೊಟ್ಟಿಲು ಅಲ್ಲಿಂದ ಬಂತು. ಕಾಲಿನ ಗೆಜ್ಜೆಯೂ ಅಲ್ಲಿಂದಲೇ. ಮೊದಲ ಕೂದಲು ತೆಗೆಸುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಕೂತಳು, ಅವನ ಹೊಸ ಧೋತರ ಒದ್ದೆ ಮಾಡಿದಳು, ಅವನು ಅದನ್ನು ಬಹುಮಾನ ಬಂದವನಂತೆ ಓಣಿಗೆಲ್ಲ ತೋರಿಸುತ್ತ ತಿರುಗಿದ. ಆ ದಿನ ನನಗೆ ವಹಿಸಿದ ಕೆಲಸ ಫೋಟೊ ತೆಗೆಯುವುದು. ತೆಗೆದ ಫೋಟೊಗಳೆಲ್ಲ ಚೆನ್ನಾಗಿ ಬಂದಿವೆ. ಒಂದರಲ್ಲೂ ನಾನಿಲ್ಲ.

ತಂದೆಯ ಪಾಲಿಗೆ ಮೊದಲುಗಳು ಬರಲೇ ಇಲ್ಲವೆಂದರೆ ಸುಳ್ಳಾಗುತ್ತದೆ. ಮೊದಲ ಚುಚ್ಚುಮದ್ದು ಹಾಕಿಸಿದ್ದು ನಾನು, ಶಾಲೆಗೆ ಮೊದಲ ದಿನ ಬಿಟ್ಟುಬಂದದ್ದೂ ನಾನೇ. ಎರಡು ಸಲವೂ ಅವಳು ನನ್ನನ್ನು ನೋಡಿಕೊಂಡೇ ಅತ್ತಳು.

ಈಗ ಆರು ವರ್ಷದ ಪಾರು ಊಟದ ತಟ್ಟೆ, ಡಬ್ಬಿಯ ಮುಚ್ಚಳ, ನನ್ನ ಹೆಲ್ಮೆಟ್ಟು ಎಲ್ಲವನ್ನೂ ಬಡಿದು ಹಾಡತೊಡಗಿದಾಗ ನನಗೊಂದು ವಿಷಯ ಹೊಳೆಯಿತು. ಮಗುವಿನ ಮೊದಲ ವಾದ್ಯವನ್ನು ಯಾರು ತರಬೇಕೆಂದು ಯಾವ ಪದ್ಧತಿಯೂ ಹೇಳುವುದಿಲ್ಲ. ಆ ಜಾಗ ಖಾಲಿ ಇದೆ. ಅದನ್ನು ನಾನೇ ತುಂಬಬೇಕು.

ನಮ್ಮ ಹಿರಿಯರು ವಾದ್ಯಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ: ತಂತಿಯವು, ಗಾಳಿಯವು, ಚರ್ಮ ಬಿಗಿದವು, ಮತ್ತು ಘನ ಎಂದು ಕರೆಯುವ ತಾಳ, ಗೆಜ್ಜೆ, ಗಂಟೆಗಳು. ನಾನು ವಿಚಾರಣೆಯನ್ನು ಕ್ರಮವಾಗಿಯೇ ಮಾಡಿದೆ. ತಂತಿಗೆ ಅವಳ ಬೆರಳು ಇನ್ನೂ ಎಳೆಯವು. ಕೊಳಲಾಗಬಹುದಿತ್ತು, ಆದರೆ ಮುಂದಿನ ಹಲ್ಲು ಬಿದ್ದ ಬಾಯಿಂದ ಬರೀ ‘ಫುಸ್’ ಎಂದು ಗಾಳಿ ಹೋಗುತ್ತಿತ್ತು. ಚರ್ಮವಾದ್ಯ ಕೈಬಿಟ್ಟದ್ದಕ್ಕೆ ನಾನು ಮನೆಯಲ್ಲಿ ಕೊಟ್ಟ ಕಾರಣ ನೆರೆಹೊರೆಯವರ ನಿದ್ದೆ. ನಿಜವಾದ ಕಾರಣ, ಶರಣಪ್ಪ ಪಾಮನಕಲ್ಲೂರಿನ ಭಜನೆಯಲ್ಲಿ ದಮ್ಮಡಿ ಬಾರಿಸುತ್ತಾನೆ. ಮರದ ದುಂಡು ಬಳೆಗೆ ಬಿಗಿದ ಒಂದು ಅಂಗೈಯಗಲದ ಚರ್ಮದಿಂದ ಅವನು ಊರನ್ನೇ ತಲೆದೂಗಿಸಬಲ್ಲ. ಮಗಳ ಕೈಗೆ ತಬಲಾ ಕೊಟ್ಟರೆ ಮರುದಿನವೇ ಅವನು ಗುರುವಾಗಿ ಬಂದು ಕೂರುತ್ತಾನೆ. ಇನ್ನು ನಾಲ್ಕನೆಯ ಬಗೆ, ತಾಳ, ಗೆಜ್ಜೆ. ಅದನ್ನು ನಾನು ಗಣನೆಗೇ ತೆಗೆದುಕೊಳ್ಳಲಿಲ್ಲ.

ಗಾಳಿಯ ಬಗೆಯಲ್ಲೇ ಇನ್ನೊಂದು ಉಳಿದಿತ್ತು: ಹಾರ್ಮೋನಿಯಂ, ನಮ್ಮವರ ಬಾಯಲ್ಲಿ ಪೇಟಿ. ಈ ಪೇಟಿಯ ಮೇಲೂ ನನಗೆ ಸಣ್ಣ ಅಸೂಯೆ ಇದೆ. ಎಲ್ಲಿಯೋ ಹೊರದೇಶದಲ್ಲಿ ಹುಟ್ಟಿ ಹಡಗು ಹತ್ತಿ ಬಂದದ್ದು, ಇವತ್ತು ನಮ್ಮ ಭಜನೆಗಳ ನಟ್ಟನಡುವೆ ಕೂತಿದೆ. ಅದು ಸ್ವರ ಕೊಡುವವರೆಗೆ ಊರಿನ ಹಿರಿಯರೂ ಬಾಯಿ ತೆರೆಯುವುದಿಲ್ಲ. ನಾನೂ ಹೊರಗಿನಿಂದ ಪಾಮನಕಲ್ಲೂರಿಗೆ ಹೋದ ಅಳಿಯ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಜಾಗ ಬಾಗಿಲ ಪಕ್ಕದ ಕುರ್ಚಿಯೇ.

ಯಾರಿಗೂ ಹೇಳದೆ ಲಿಂಗಸುಗೂರಿಗೆ ಹೋದೆ. ಅಂಗಡಿಯವರು ಪೇಟಿ ತೋರಿಸುವ ಮೊದಲು ಕೇಳಿದರು: “ಹುಡುಗಿ ಎಷ್ಟು ದೊಡ್ಡಾಕಿ ಅದಾಳ್ರೀ?”

ನಾನು ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದೆ.

“ಕರಕಂಡ ಬರಬೇಕಿತ್ತಲ್ರೀ. ಅಂಗಿ ಅಳತಿ ನೋಡಿದಂಗ ಪೇಟಿ ಅಳತೀನೂ ನೋಡಬೇಕಾಕ್ಕೈತಿ.”

ಕರೆದುಕೊಂಡು ಬಂದರೆ ಸುದ್ದಿ ಮೊದಲೇ ಸೋರಿಹೋಗುತ್ತದೆ ಎಂದು ಅವರಿಗೆ ವಿವರಿಸಲಾದೀತೇ? ಕಣ್ಣಿಗೆ ಚೆಂದ ಕಂಡ ಒಂದನ್ನು ಆರಿಸಿ, ಚಾದರಿನಲ್ಲಿ ಸುತ್ತಿಸಿ, ಸಿಂಧನೂರಿನ ಬಸ್ಸು ಹತ್ತಿ ತೊಡೆಯ ಮೇಲಿಟ್ಟುಕೊಂಡೆ.

ಮಸ್ಕಿಯಲ್ಲಿ ಬಸ್ಸು ನಿಂತಿತು. ಹತ್ತಿದವರಲ್ಲಿ ಶರಣಪ್ಪನೂ ಇದ್ದ.

“ಭಾವಾರ! ನೀವೇನ್ ಇಲ್ಲಿ?” ಎನ್ನುತ್ತ ಪಕ್ಕದಲ್ಲೇ ಕೂತ. ಪಂಚಮಿ ಹಬ್ಬ ಹತ್ತಿರ ಬಂದಿತ್ತು. ಅಕ್ಕನನ್ನು ತವರಿಗೆ ಕರೆದೊಯ್ಯಲು ಹೊರಟಿದ್ದ. ನನ್ನ ತೊಡೆಯ ಗಂಟನ್ನು ನೋಡಿ ಕೇಳಿದ: “ಏನ್ರೀ ಇದು, ಹೊಲಿಗಿ ಮಷೀನಾ?”

“ಆಫೀಸ್ ಸಾಮಾನು,” ಎಂದೆ.

ಅಷ್ಟರಲ್ಲಿ ಬಸ್ಸು ಒಂದು ತಗ್ಗಿಗೆ ಇಳಿದು ಎದ್ದಿತು. ಒಳಗೆ ಕೊಂಡಿ ಸಡಿಲವಿತ್ತೋ ಏನೋ, ಚಾದರಿನೊಳಗಿನಿಂದ ‘ಕುಂಯ್ಯ್’ ಎಂದು ಒಂದು ನೀಳ ಸ್ವರ ಹೊರಟಿತು. ಮುಂದಿನ ಸೀಟಿನವರು ತಿರುಗಿ ನೋಡಿದರು.

“ಆಫೀಸ್ ಸಾಮಾನು ಅಳಾಕತ್ತೈತಲ್ರೀ ಭಾವಾರ,” ಎಂದ ಶರಣಪ್ಪ, ಬಹಳ ಕನಿಕರದಿಂದ.

ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ನನ್ನ ಕಣ್ಣು ಅವನ ಕೈಯಲ್ಲಿದ್ದ ಗಂಟಿನ ಮೇಲಿತ್ತು. ದುಂಡಗಿನ, ಚಪ್ಪಟೆಯಾದ ಏನನ್ನೋ ಬಿಳಿ ಬಟ್ಟೆಯಲ್ಲಿ ಕಟ್ಟಿ ಎದೆಗವಚಿಕೊಂಡಿದ್ದ. ಕಂಡಕ್ಟರು ಹತ್ತಿರ ಬಂದಾಗ, “ಹುಷಾರ್ರೀ, ಬಡದ್ರ ಹೋಗತೈತಿ, ನಮ್ಮ ಪಾರೂಗ ಒಯ್ಯಾಕತ್ತೀನಿ,” ಎಂದ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ದಮ್ಮಡಿ! ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ, ಒಂದೇ ಮಗುವಿಗೆ ಎರಡು ವಾದ್ಯಗಳು ಹೊರಟಿವೆ. ಯಾರದು ಮೊದಲು ಅವಳ ಕೈ ಸೇರುತ್ತದೆ ಎಂಬುದಷ್ಟೇ ಪ್ರಶ್ನೆ. ಗದ್ದೆಗಳ ಹಸಿರು ಶುರುವಾಯಿತು, ಬಸ್ಸು ಕಾಲುವೆ ದಾಟಿತು. ಅವನು ಹೇಳಿದ ಮಳೆ-ಬೆಳೆಯ ಮಾತುಗಳಲ್ಲಿ ಒಂದೂ ನನ್ನ ಕಿವಿಗೆ ಬೀಳಲಿಲ್ಲ.

ಸಿಂಧನೂರಿನಲ್ಲಿ ಇಳಿದು ಆಟೊ ಹಿಡಿದೆವು. ಮನೆಯ ಮುಂದೆ ಅವನು ಬಗ್ಗಿ ಚಪ್ಪಲಿ ಬಿಡುತ್ತಿದ್ದಾಗ ನಾನು ಚಪ್ಪಲಿ ಸಮೇತ ಒಳಗೆ ನುಗ್ಗಿ, ಪೇಟಿಯನ್ನು ಪಾರುವಿನ ಮುಂದಿಟ್ಟು ಚಾದರು ಎಳೆದೆ. “ಇದು ನಿನ್ನ ಮೊದಲ ವಾದ್ಯ,” ಎಂದು ಘೋಷಿಸಿದೆ. ಹಿಂದೆಯೇ ಬಂದ ಶರಣಪ್ಪ ತನ್ನ ಗಂಟನ್ನು ಮೆಲ್ಲಗೆ ನೆಲಕ್ಕಿಟ್ಟು ಬಿಚ್ಚಿದ.

ಸಜ್ಜಿ ರೊಟ್ಟಿ. ಎಳ್ಳು ಹಚ್ಚಿ, ಕಡಕ್ಕಾಗಿ ಬೇಯಿಸಿದ, ಮುಟ್ಟಿದರೆ ಮುರಿಯುವ ಪಂಚಮಿಯ ರೊಟ್ಟಿಗಳ ಅಡಕಲು. ಅತ್ತೆ ಮೊಮ್ಮಗಳಿಗೆಂದು ಕಳಿಸಿದ್ದರು.

ಖಚಿತಪಡಿಸಿಕೊಳ್ಳದೆ ಏನನ್ನೂ ನಂಬಬಾರದೆಂದು ಹೊಸಬರಿಗೆ ಪಾಠ ಹೇಳುವ ನಾನು ರೊಟ್ಟಿಯ ಜೊತೆ ಪಂದ್ಯ ಓಡಿದ್ದೆ. ಆದರೂ ಗೆದ್ದಿದ್ದೆನಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ನೀಲಮ್ಮ ರೊಟ್ಟಿ ಎತ್ತಿಡುತ್ತ ಹೇಳಿದಳು:

“ಮೊದಲ್ನೇದು ಹೆಂಗಾಕ್ಕೈತ್ರೀ? ತೊಟ್ಟಿಲಿಗಿ ಗಿಲಗಿಚ್ಚಿ ಕಟ್ಟಿದಾಂವ ಯಾರು? ಇವನ ಅಲ್ಲೇನು?”

“ಗಿಲಗಿಚ್ಚಿ ಆಟದ ಸಾಮಾನು. ವಾದ್ಯ ಅಲ್ಲ.”

“ಗಿಲ್ ಅಂದ್ರ ಸಾಕು, ಅಳೋದು ಬಿಟ್ಟು ಕೈಕಾಲು ಬಡೀತಿತ್ತು ಕೂಸು. ಮತ್ತಿನ್ನೇನ್ ಮಾಡಬೇಕ್ರೀ ವಾದ್ಯ ಅನ್ನಸ್ಕೊಳ್ಳಾಕ?”

‘ಮೊದಲ’ ಎಂಬ ಪದಕ್ಕೆ ನಮ್ಮ ಕಚೇರಿಯಲ್ಲಿ ಎಲ್ಲರೂ ಹೆದರುತ್ತಾರೆ. ತಾಲ್ಲೂಕಿನಲ್ಲೇ ಮೊದಲು ಎಂದು ಅಚ್ಚಾದರೆ ಸಾಕು, ಬೆಳಿಗ್ಗೆ ಹಾಲಿನವನಿಗಿಂತ ಮುಂಚೆ ಯಾರೋ ಒಬ್ಬರು ಫೋನು ಮಾಡಿ, ನಮ್ಮಜ್ಜ ಅದನ್ನು ಯಾವಾಗಲೋ ಮಾಡಿದ್ದ ಎನ್ನುತ್ತಾರೆ. ನಾನು ಮನಸ್ಸಿನಲ್ಲೇ ಹಿರಿಯರ ನಾಲ್ಕು ಬಗೆಗಳ ಮೊರೆಹೋದೆ. ತಂತಿ ಅಲ್ಲ, ಗಾಳಿ ಅಲ್ಲ, ಚರ್ಮವೂ ಅಲ್ಲ. ಅಲುಗಿಸಿದರೆ ನುಡಿಯುವುದು, ಗೆಜ್ಜೆಯ ಜಾತಿ. ನಾನು ಗಣನೆಗೇ ತೆಗೆದುಕೊಳ್ಳದ ಆ ನಾಲ್ಕನೆಯ ಬಗೆ, ಘನ. ಗೆಜ್ಜೆಯೂ ಅವರ ಮನೆಯದೇ. ಹಾಗಾದರೆ ಪೇಟಿಗೆ ಮೂರನೆಯ ಸ್ಥಾನ.

ಶರಣಪ್ಪನಿಗೆ ಇದಾವುದರ ಅರಿವೂ ಇಲ್ಲ. “ಪೇಟಿ ಬೇಸ್ ಐತ್ರೀ ಭಾವಾರ,” ಎಂದ. ಮನಸಾರೆ ಹೊಗಳಿದ. ಅದಕ್ಕಿಂತ ಸಿಟ್ಟು ತರುವ ಮಾತು ಇನ್ನೊಂದಿಲ್ಲ.

ಅಷ್ಟು ಹೊತ್ತಿಗೆ ಪಾರು ಪೇಟಿಯ ಬಿಳಿ-ಕಪ್ಪು ಕೀಲಿಗಳನ್ನು ಒತ್ತತೊಡಗಿದ್ದಳು. ಸದ್ದಿಲ್ಲ. ಬಲಗೈ ಕೀಲಿಗಳ ಮೇಲಿದ್ದರೆ ಎಡಗೈ ಹಿಂಬದಿಯ ತಿದಿಯನ್ನು ಆಡಿಸಿ ಗಾಳಿ ಹಾಕಬೇಕು. ಅವಳು ಮುಂದಕ್ಕೆ ಬಾಗಿದಳು, ಮೊಣಕಾಲೂರಿ ಎದ್ದಳು. ಕೈ ಎಟುಕಲಿಲ್ಲ. ಲಿಂಗಸುಗೂರಿನ ಅಂಗಡಿಯವರ ಪ್ರಶ್ನೆ ನನಗೆ ಈಗ ಅರ್ಥವಾಯಿತು.

“ಅಪ್ಪಾ, ಇದು ಕೆಟ್ಟೈತಿ,” ಎಂದಳು.

ಶರಣಪ್ಪ ಕೈ ಮುಂದೆ ಚಾಚಿದ. ನಾನು ಅವನಿಗಿಂತ ಚುರುಕಾಗಿದ್ದೆ. ಎದುರು ಕೂತು ತಿದಿ ಆಡಿಸಿದೆ. ಅವಳ ಬೆರಳಿನ ಕೆಳಗೆ ಸ್ವರ ಎದ್ದಿತು. ಅವಳು ಬೆಚ್ಚಿ ಬೆರಳು ತೆಗೆದಳು, ಮತ್ತೆ ಒತ್ತಿದಳು, ನನ್ನ ಮುಖ ನೋಡಿದಳು. ಈ ಸಲ ಅಳಲಿಲ್ಲ.

“ನಿಲ್ಲಸಬ್ಯಾಡ,” ಎಂದಳು.

ಮರುದಿನ ಹೊರಡುವಾಗ ಪಾರು ಪೇಟಿಯಿಲ್ಲದೆ ತಾನು ಊರಿಗೆ ಬರುವುದಿಲ್ಲವೆಂದು ಹಟ ಹಿಡಿದಳು. “ಅಲ್ಲಿ ಗಾಳಿ ಯಾರ್ ಹಾಕ್ತಾರ?” ಎಂಬ ಚಿಂತೆಯೂ ಅವಳದೇ.

“ನಾ ಅದೀನಲ್ಲ ಬೇ,” ಎಂದ ಸೋದರಮಾವ.

ನಾನು ಆಗಲೇ ಕಚೇರಿಗೆ ಫೋನು ಮಾಡಿ ರಜೆ ಕೇಳುತ್ತಿದ್ದೆ. ನೀಲಮ್ಮ ತಲೆ ಮೇಲೆ ಕೈಹೊತ್ತಳು. “ಪಂಚಮಿಗಿ ಹೆಣ್ಣಮಕ್ಕಳು ತವರಿಗಿ ಹೋಗೋದು. ಗಂಡಸರು ಹಿಂದ ಬರ್ತಾರೇನ್ರೀ? ಮಂದಿ ನಗತಾರ.”

ಮಂದಿ ನಕ್ಕರು. ಪಾಮನಕಲ್ಲೂರಿನಲ್ಲಿ ಜೋಕಾಲಿ ಆಡುತ್ತಿದ್ದ ಹೆಂಗಸರು ನನ್ನ ಕಿವಿಗೆ ಬೀಳುವಂತೆಯೇ ಮಾತಾಡಿಕೊಂಡರು: “ಈ ಸಲ ಪಂಚಮಿಗಿ ಮಗಳು ಬಂದಾಳ, ಅಳಿಯ ಪೇಟಿ ಹೊತಗಂಡು ಬಂದಾನ.” ನಾನು ತಲೆ ತಗ್ಗಿಸಿ ಗಾಳಿ ಹಾಕುತ್ತಿದ್ದೆ. ಗಮನಿಸಬೇಕಾದ ಅಂಶವೆಂದರೆ, ನನ್ನನ್ನು ಆ ದಿನ ಯಾರೂ ಬಾಗಿಲ ಪಕ್ಕದ ಕುರ್ಚಿಗೆ ಕಳಿಸಲಿಲ್ಲ. ಪಡಸಾಲೆಯ ನಡುವೆ, ಪೇಟಿಯ ಹಿಂದೆ, ನನಗೂ ಒಂದು ಜಾಗವಿತ್ತು.

ಸಂಜೆ ಪಾರು ಒಂದು ಸ್ವರ ಒತ್ತಿಹಿಡಿದು, ಎಡಗೈಯನ್ನು ಪೇಟಿಯ ಮೇಲಿಂದ ಉದ್ದಕ್ಕೆ ಚಾಚಿದಳು. ಬೆರಳ ತುದಿ ತಿದಿಯ ಅಂಚಿಗೆ ತಾಗಿ ಜಾರಿತು. ಪಕ್ಕದಲ್ಲಿ ದಮ್ಮಡಿ ಹಿಡಿದು ಕೂತಿದ್ದ ಶರಣಪ್ಪ ನನ್ನ ಕೈಯ ಬೆವರು ನೋಡಿ ಸಮಾಧಾನ ಹೇಳಿದ: “ಮುಂದಿನ ಪಂಚಮಿಗಿ ಆಕೀನ ಹಾಕ್ಕಂತಾಳ ಬಿಡ್ರೀ. ನಿಮಗ ತ್ರಾಸ ಇರಂಗಿಲ್ಲ.”

ನಾನು ಪಾರುವಿನ ಆ ಕೈಯನ್ನೇ ನೋಡಿದೆ. ಇಷ್ಟು ದಿನ ನಾನು ಕಾವಲು ಕೂತದ್ದು ತಪ್ಪು ಮನುಷ್ಯನ ಮೇಲೆ. ನನ್ನ ಜಾಗಕ್ಕೆ ಬರುವವರು ಯಾರೆಂಬುದು ಈಗ ಖಚಿತವಾಗಿದೆ; ಅದು ದಿನದಿನಕ್ಕೂ ಉದ್ದವಾಗುತ್ತಿದೆ, ನಾನೇ ಅದಕ್ಕೆ ಹಾಲು-ಅನ್ನ ಹಾಕಿ ಬೆಳೆಸುತ್ತಿದ್ದೇನೆ. ಸದ್ಯಕ್ಕೆ ನನ್ನ ಹೊಟ್ಟೆಕಿಚ್ಚೆಲ್ಲ ಆ ಪುಟ್ಟ ಎಡಗೈಯ ಮೇಲೆ. ಶರಣಪ್ಪ ಒಳ್ಳೆಯವನು.