ಅರ್ಧ ನನಗೆ, ಅರ್ಧ ಅಣ್ಣನಿಗೆ

ಆ ಭಾನುವಾರ ಬೆಳಿಗ್ಗೆ ಫೋನಿನಲ್ಲಿ ನಾನು ಆಡಿದ ಮಾತುಗಳನ್ನು ಈಗ ನೆನೆಸಿಕೊಂಡರೂ ಎದೆ ಧಸಕ್ಕೆನ್ನುತ್ತದೆ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ, ಒಂದು ಮಾತೂ ಕೆಟ್ಟದ್ದಲ್ಲ. ನಾನು ಮಾತಾಡುತ್ತಿದ್ದದ್ದು ನಮ್ಮ ಮನೆಯ ಕಂಪ್ಯೂಟರಿನ ಬಗ್ಗೆ. ದೇವರಾಣೆ, ಬರೀ ಕಂಪ್ಯೂಟರಿನ ಬಗ್ಗೆ.

ಮೊದಲು ಮನೆಯ ವಿಷಯ ಹೇಳಿಬಿಡುತ್ತೇನೆ. ತ್ಯಾಮಗೊಂಡ್ಲು ಹೋಬಳಿಯ ಹಳ್ಳಿ ನಮ್ಮದು. ಅಪ್ಪ ತೀರಿಕೊಂಡು ಬಹಳ ಕಾಲವಾಯಿತು. ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ ಮತ್ತು ನಾನು. ಏಳು ವರ್ಷದ ಹಿಂದೆ ನನ್ನ ಮದುವೆ ಮುರಿದುಬಿತ್ತು. ಅಣ್ಣನೇ ಟೆಂಪೊ ತಂದು, ನನ್ನ ಹಾಸಿಗೆ, ಪಾತ್ರೆ, ಬಟ್ಟೆಯ ಗಂಟು ಎಲ್ಲ ತುಂಬಿಸಿಕೊಂಡು ಕರೆತಂದ. ಹೊಸಿಲ ಹೊರಗೆ ನಾನು ಅಳುತ್ತ ನಿಂತಿದ್ದಾಗ, “ಯಾಕವ್ವಾ ನೆಂಟರ ಥರ ನಿಂತಿದೀಯ? ನಿನ್ನ ಮನೆ ಇದು, ಬಾ ಒಳಕ್ಕೆ,” ಅಂದಿದ್ದ. ಆ ಒಂದು ಮಾತು ನಂಬಿಕೊಂಡು ಏಳು ವರ್ಷ ಕಳೆದಿದ್ದೇನೆ. ನನಗೆ ಬೇರೆ ಸೂರಿಲ್ಲ.

ದಾಬಸ್‌ಪೇಟೆಯ ಒಂದು ಗೋಡೌನಿನ ಆಫೀಸಿನಲ್ಲಿ ಲಾರಿಗಳ ಕಾಗದಪತ್ರ ಟೈಪು ಮಾಡುವುದು ನನ್ನ ಕೆಲಸ. ಅಲ್ಲಿ ಹಳೆಯ ಕಂಪ್ಯೂಟರುಗಳನ್ನು ಬದಲಾಯಿಸಿದಾಗ ಒಂದು ನನಗೆ ಸಿಕ್ಕಿತು. ತಂದು ನಡುಮನೆಯ ಮೂಲೆಯಲ್ಲಿಟ್ಟೆ. ಪಾಪ, ಅದಕ್ಕೆ ವಯಸ್ಸಾಗಿತ್ತು. ಆನ್ ಮಾಡಿ, ಒಳಗೆ ಹೋಗಿ ಮುದ್ದೆ ತೊಳಸಿ, ಸಾರು ಇಳಿಸಿ ಬಂದರೂ ವಿಂಡೋಸ್ ತೆರೆದುಕೊಳ್ಳದೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಆದರೂ ಅಣ್ಣ ಅದರಲ್ಲಿ ತನ್ನದೊಂದು ಸಂಸಾರ ಹೂಡಿದ್ದ: ಮದುವೆಯ ವಿಡಿಯೊ, ಹಸುಗಳ ಫೋಟೊ, ಹೊಲದ ಪಹಣಿಯ ಸ್ಕ್ಯಾನು. ಡೇರಿಗೆ ಹಾಲು ಹಾಕಿ ಬಂದವನು ಅರ್ಧ ಗಂಟೆ ಅದರ ಮುಂದೆ ಕೂರುತ್ತಿದ್ದ.

ವಿಂಡೋಸಿನ ಬದಲು ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದ ಲಿನಕ್ಸಿನ ಹುಚ್ಚು ಹಿಡಿಸಿದವಳು ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಗೆಳತಿ. ನೆಲಮಂಗಲದವಳು, ಮನೆಯಲ್ಲಿ ದಖನಿ ಉರ್ದು ಆಡಿದರೂ ನನ್ನನ್ನು ಬೈಯುವಾಗ ಅಪ್ಪಟ ಕನ್ನಡ. “ಅರೆ, ಹಳೇದು ಅಂತ ಬಿಸಾಕ್ತಾರೇನೇ? ಇದನ್ನ ಹಾಕು, ಕುದುರೆ ಥರ ಓಡುತ್ತೆ,” ಎಂದು ಒಂದು ಪೆನ್‌ಡ್ರೈವ್ ಕೊಟ್ಟಳು. ಅದರಲ್ಲಿ ನಾಲ್ಕೈದು ಬಗೆಯ ಲಿನಕ್ಸ್ ಇದ್ದವು. ಕಂಪ್ಯೂಟರಿನಲ್ಲಿ ಏನನ್ನೂ ಅಳಿಸದೆ, ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ಒಂದು ತಿಂಗಳು ನನಗೆ ಅದೇ ಕೆಲಸವಾಯಿತು. ಇವತ್ತು ಉಬುಂಟು, ನಾಳೆ ಮಿಂಟ್, ನಾಡಿದ್ದು ಡೆಬಿಯನ್. ಸೀರೆ ಅಂಗಡಿಯಲ್ಲಿ ಕೂತವಳ ಹಾಗೆ, ಇದನ್ನು ಬಿಚ್ಚು, ಅದನ್ನು ತೆಗಿ, ಇದು ಭಾರ, ಅದರ ಬಣ್ಣ ಸಪ್ಪೆ.

ನಗಬೇಡಿ, ನನಗೆ ಅದರಲ್ಲಿ ಒಂದು ಸುಖವಿತ್ತು. ಏನು ಬೇಕೋ ಅದನ್ನು ಹಾಕಿಕೊಳ್ಳಬಹುದು, ಬೇಡವಾದರೆ ತೆಗೆದು ಹಾಕಬಹುದು, ಯಾರ ಅಪ್ಪಣೆಯೂ ಬೇಡ. ಯಾವುದಾದರೂ ದೊಡ್ಡ ಬದಲಾವಣೆ ಮಾಡಬೇಕಾದಾಗ ಅದು ಗುಪ್ತಪದ ಕೇಳುತ್ತದೆ. ಆ ಗುಪ್ತಪದ ನಾನೇ ಇಟ್ಟದ್ದು. ನಲವತ್ತರ ಹತ್ತಿರ ಬಂದ ಹೆಂಗಸಿಗೆ, ಒಂದು ಯಂತ್ರವಾದರೂ “ನೀನು ಹೂಂ ಅಂದ್ರೆ ಮಾಡ್ತೀನಿ” ಅನ್ನುವುದು ಸಣ್ಣ ಮಾತಲ್ಲ.

ಕೊನೆಗೆ ಹಳೆಯ ಯಂತ್ರಕ್ಕೆ ಒಗ್ಗುವ ಹಗುರವಾದ ಒಂದನ್ನು ಆರಿಸಿಕೊಂಡೆ. ಪೆನ್‌ಡ್ರೈವ್ ಸಾಕು, ಇನ್ನು ಕಂಪ್ಯೂಟರಿನೊಳಗೇ ಹಾಕಿಬಿಡೋಣ ಎಂದು ತೀರ್ಮಾನಿಸಿದೆ. ಆದರೆ ಅಣ್ಣನ ವಿಂಡೋಸೂ ಇರಬೇಕಲ್ಲ. ಒಂದೇ ಕಂಪ್ಯೂಟರಿನಲ್ಲಿ ಎರಡೂ ಇರಬೇಕಾದರೆ ಒಳಗಿನ ಹಾರ್ಡ್‌ಡಿಸ್ಕನ್ನು ಭಾಗ ಮಾಡಬೇಕು. ಕಂಪ್ಯೂಟರಿನವರು ಅದಕ್ಕೆ ಪಾರ್ಟಿಷನ್ ಅನ್ನುತ್ತಾರೆ.

ನಮ್ಮ ಕಡೆ ಆ ಮಾತಿಗೆ ಇರುವ ಅರ್ಥವೇ ಬೇರೆ. ಹೈವೇ ಪಕ್ಕ ಫ್ಯಾಕ್ಟರಿಗಳು ಎದ್ದು ನೆಲಕ್ಕೆ ಬೆಲೆ ಬಂದಾಗಿನಿಂದ, ಒಂದಕ್ಷರ ಓದದ ಮುದುಕಿಯರ ಬಾಯಲ್ಲೂ ಪಾರ್ಟಿಷನ್ ಅಂದರೆ ಆಸ್ತಿಯ ಭಾಗ. “ಅವ್ರ ತಂಗಿ ಪಾರ್ಟಿಷನ್ ಹಾಕವ್ಳಂತೆ” ಅಂದರೆ, ನೆಲಮಂಗಲದ ಕೋರ್ಟಿನಲ್ಲಿ ದಾವೆ ಬಿತ್ತು, ಮುಂದಿನ ಗೌರಿ ಹಬ್ಬಕ್ಕೆ ಆ ತಂಗಿ ತವರಿಗೆ ಬರುವುದಿಲ್ಲ ಎಂದು ತಿಳಿದುಕೊಳ್ಳಬೇಕು. ಹುಟ್ಟಿದಾಗಿನಿಂದ ಇದೇ ಮಣ್ಣಿನಲ್ಲಿ ಬೆಳೆದ ನನಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆ ಬೆಳಿಗ್ಗೆ ಮಾತ್ರ ತಲೆಗೆ ಹೊಳೆಯಲಿಲ್ಲ. ನನ್ನ ಬುದ್ಧಿಗೆ ಅವತ್ತು ಏನು ಮಂಕು ಬಡಿದಿತ್ತೋ!

ಅಮ್ಮ ನಡುಮನೆಯಲ್ಲೇ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಅತ್ತಿಗೆ ಅಡುಗೆಮನೆಯಲ್ಲಿ. ನಾನು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಗೆಳತಿಯ ಹತ್ತಿರ ಜೋರಾಗಿ ಮಾತಾಡುತ್ತಿದ್ದೆ. ನನ್ನ ಗಂಟಲು ಮೊದಲೇ ದೊಡ್ಡದು.

“ಇಲ್ಲ ಕಣೇ, ಈ ಸಲ ಪಾರ್ಟಿಷನ್ ಮಾಡ್ಲೇಬೇಕು. ಎಷ್ಟು ದಿನ ಅಂತ ಹೀಗೇ ತಳ್ಳೋದು? ಅರ್ಧ ನಂಗೆ, ಅರ್ಧ ಅಣ್ಣಂಗೆ. ಅವನ ಕಡೇದು ನಾನು ಮುಟ್ಟಲ್ಲ... ಅಯ್ಯೋ, ಅವನಿಗೆ ಈಗ್ಲೇ ಹೇಳಲ್ಲಮ್ಮಾ, ಮೊದ್ಲೇ ಹೇಳಿದ್ರೆ ಬೇಡ ಅಂತಾನೆ. ಮಾಡಿ ಆದ್ಮೇಲೆ ತೋರಿಸ್ತೀನಿ... ಅಮ್ಮಂಗೆ ಇದೆಲ್ಲ ಎಲ್ಲಿ ಅರ್ಥ ಆಗ್ಬೇಕು?... ಗೊತ್ತು, ಒಂದ್ಸಲ ಮಾಡಿದ್ರೆ ವಾಪಸ್ ಒಂದು ಮಾಡೋದು ಕಷ್ಟ. ಆದ್ರೂ ಇವತ್ತೇ ಮುಗಿಸ್ಬಿಡ್ತೀನಿ.”

ಫೋನಿಟ್ಟು ತಿರುಗಿದಾಗ ಅಮ್ಮ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. “ಏನಮ್ಮಾ?” ಅಂದೆ. “ಏನಿಲ್ಲ,” ಅಂದು ಬೋಗುಣಿ ಎತ್ತಿಕೊಂಡು ಒಳಗೆ ಹೋದರು. ನಾನು ಉತ್ಸಾಹದಲ್ಲಿ ಕೆಲಸಕ್ಕೆ ಕೂತೆ. ಮಧ್ಯಾಹ್ನದ ಹೊತ್ತಿಗೆ ಲಿನಕ್ಸ್ ಒಳಗೆ ಕೂತಿತ್ತು, ಅಣ್ಣನ ಒಂದು ಫೋಟೊ ಕೂಡ ಅಲುಗಿರಲಿಲ್ಲ. ಹೆಮ್ಮೆಯೋ ಹೆಮ್ಮೆ ನನಗೆ.

ಮಾರನೆಯ ದಿನದಿಂದ ಮನೆಯ ಗಾಳಿಯೇ ಬದಲಾಯಿತು. ದಿನಾ ನನ್ನನ್ನು ಬೈಕಿನಲ್ಲಿ ದಾಬಸ್‌ಪೇಟೆಗೆ ಬಿಡುತ್ತಿದ್ದ ಅಣ್ಣ, “ಕೆಲ್ಸ ಐತೆ, ಬಸ್ಸಲ್ಲಿ ಹೋಗು,” ಅಂದ. ಮುಖ ಕೊಟ್ಟು ಮಾತಾಡಲಿಲ್ಲ. ಅತ್ತಿಗೆ ನನ್ನ ಓರಿಗೆಯವಳು. ಬಂದಾಗಿನಿಂದ ನನ್ನನ್ನು “ಲೇ, ಬಾರೇ” ಎಂದೇ ಕರೆಯುವವಳು. ಅವತ್ತು ತಟ್ಟೆಯಿಟ್ಟು, “ಊಟ ಮಾಡಿ, ನಿಮಗೆ ಹೊತ್ತಾಗುತ್ತೆ,” ಅಂದಳು. “ಏನೇ ಇದು, ನೀವು ತಾವು?” ಎಂದು ನಕ್ಕರೆ ಅವಳು ನಗಲಿಲ್ಲ. ಕಾಫಿ ಕೂಡ ಬಂದವರಿಗೆ ಕೊಡುವ ಹೂವಿನ ಕಪ್ಪಿನಲ್ಲಿ ಬರತೊಡಗಿತು.

ನಾನು ಅಂದುಕೊಂಡದ್ದೇ ಬೇರೆ. ಈಗ ಕಂಪ್ಯೂಟರ್ ಆನ್ ಮಾಡಿದ ಕೂಡಲೇ, ಲಿನಕ್ಸ್ ಬೇಕೋ ವಿಂಡೋಸ್ ಬೇಕೋ ಎಂದು ಕೇಳುವ ಕಪ್ಪು ಪರದೆ ಬರುತ್ತದೆ. ಅಣ್ಣ ಅದನ್ನು ನೋಡಿ, ನನ್ನದೆಲ್ಲ ಹಾಳು ಮಾಡಿದಳು ಎಂದು ರೇಗಿದ್ದಾನೆ, ಅತ್ತಿಗೆ ಗಂಡನ ಕಡೆ ಸೇರಿಕೊಂಡಿದ್ದಾಳೆ ಎಂದುಕೊಂಡೆ. ನನಗೂ ಸಿಟ್ಟು ಬಂತು. ಒಂದು ಹಳೇ ಡಬ್ಬಕ್ಕೆ ಇಷ್ಟು ಮುನಿಸೇ? ಕೇಳುವವರೆಗೂ ನಾನಾಗಿ ಬಾಯಿ ಬಿಡುವುದಿಲ್ಲ ಎಂದು ನಾನೂ ಬಿಗಿದುಕೊಂಡೆ. ಹೀಗೇ ಒಂದು ವಾರ ಹೋಯಿತು.

ಮುಂದಿನ ಭಾನುವಾರ ತಿಂಡಿಯಾದ ಮೇಲೆ ಅಣ್ಣ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ನನ್ನನ್ನು ಕರೆದ. ಅಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಮಾಡಿಸ್ಬಿಟ್ಯಂತೆ?” ಅಂದ ಅಣ್ಣ.

“ಮಾಡಿಸೋದೇನು, ನಾನೇ ಕೂತು ಮಾಡ್ದೆ,” ಅಂದೆ. ಸ್ವಲ್ಪ ಜಂಬವೂ ಇತ್ತು.

“ಯಾರು ಹೇಳ್ಕೊಟ್ರು ನಿಂಗೆ?”

“ನನ್ನ ಫ್ರೆಂಡು. ಅವಳೂ ಅವ್ರ ಮನೇಲಿ ಹೀಗೇ ಮಾಡಿದಾಳೆ. ಅವ್ರ ಮನೇಲಿ ಯಾರೂ ಹಿಂಗೆ ಮುಖ ಊದಿಸ್ಕೊಂಡಿಲ್ಲಪ್ಪ.”

“ನನ್ನ ಒಂದ್ಮಾತು ಕೇಳ್ಬೇಕು ಅನ್ನಿಸ್ಲಿಲ್ವೇನವ್ವಾ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ. ನಿನ್ನ ಭಾಗ ಹಾಗೇ ಇದೆ ಅಣ್ಣಾ, ಒಂದು ಚೂರೂ ಮುಟ್ಟಿಲ್ಲ. ಸರಿಯಾಗಿ ಅರ್ಧ.”

“ನೋಡಿದ್ರಾ? ಅವರ ಬಾಯಲ್ಲೇ ಬಂತು!” ಎಂದಳು ಅತ್ತಿಗೆ. ಅಣ್ಣನ ಕಣ್ಣು ಕೆಂಪಾಯಿತು. “ಅರ್ಧ,” ಅಂದ. ಮತ್ತೊಮ್ಮೆ, “ಅರ್ಧ,” ಅಂದ. ಎದ್ದು ಹೋಗಿ ಬೀರು ತೆಗೆದು, ಬಟ್ಟೆಗಳ ಅಡಿಯಿಂದ ಒಂದು ಪ್ಲಾಸ್ಟಿಕ್ ಕವರು ತಂದು ನನ್ನ ಮುಂದೆ ಹಾಕಿದ. “ಕೋರ್ಟು ಕಚೇರಿ ಎಲ್ಲಾ ಯಾಕೆ? ಇದನ್ನ ಓದು. ಆಮೇಲೆ ನಿನ್ನಿಷ್ಟ.”

ನನ್ನ ದಡ್ಡತನ ನೋಡಿ: ಕಂಪ್ಯೂಟರಿಗೆ ಸಂಬಂಧಪಟ್ಟ ಯಾವುದೋ ಕಾಗದ ಅಂದುಕೊಂಡೇ ಕವರು ಬಿಚ್ಚಿದೆ. ಒಳಗಿದ್ದದ್ದು ಛಾಪಾ ಕಾಗದ. ತಲೆಬರಹ, ಹಕ್ಕು ಖುಲಾಸೆ ಪತ್ರ. ಕೆಳಗೆ ನಮ್ಮ ಹೊಲದ ಸರ್ವೆ ನಂಬರು, ಈ ಮನೆಯ ನಾಲ್ಕು ದಿಕ್ಕಿನ ಚೆಕ್ಕುಬಂದಿ, ನನ್ನ ಹೆಸರು. ಅಪ್ಪನ ಆಸ್ತಿಯಲ್ಲಿ ನನಗೆ ಬರಬೇಕಾದ ಹಕ್ಕನ್ನೆಲ್ಲ, ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ, ಅಣ್ಣನಿಗೆ ಬಿಟ್ಟುಕೊಟ್ಟಿದ್ದೇನೆ ಎಂದು ನಾನೇ ಹೇಳುತ್ತಿದ್ದೆ. ನಾನು ಆಡದೇ ಇದ್ದ ಮಾತು, ನನ್ನ ಬಾಯಲ್ಲಿ.

ಆಗ ಹೊಳೆಯಿತು. ಫೋನಿನಲ್ಲಿ ಆಡಿದ ಒಂದೊಂದು ಮಾತೂ ತಿರುಗಿ ಬಂದು ಕೆನ್ನೆಗೆ ಹೊಡೆದ ಹಾಗಾಯಿತು. “ಅಯ್ಯೋ ನನ್ನ ಕರ್ಮವೇ!” ಎಂದು ತಲೆ ಚಚ್ಚಿಕೊಂಡೆ. “ಅಣ್ಣಾ, ನಾನು ಹೇಳಿದ್ದು ಕಂಪ್ಯೂಟರಿಂದು! ಆಸ್ತೀದಲ್ಲ! ಕಂಪ್ಯೂಟರ್ ಒಳಗೆ ಜಾಗ ಭಾಗ ಮಾಡೋದಕ್ಕೂ ಪಾರ್ಟಿಷನ್ ಅಂತಾರೆ!” ಕೈ ಹಿಡಿದು ಎಳೆದುಕೊಂಡು ಹೋಗಿ ಆನ್ ಮಾಡಿ ತೋರಿಸಿದೆ. ಇದು ನಿಂದು, ಇದು ನಂದು, ನೋಡು ನಿನ್ನ ಹಸು, ನೋಡು ನಿನ್ನ ಮದುವೆ ವಿಡಿಯೊ.

ಅಣ್ಣ ಒಂದು ನಿಮಿಷ ಕಣ್ಣು ಬಿಟ್ಟುಕೊಂಡು ನೋಡಿದ. ಆಮೇಲೆ ಬಿದ್ದು ಬಿದ್ದು ನಕ್ಕ. “ಥೂ ನಿನ್ನ! ಒಂದ್ವಾರದಿಂದ ನಿದ್ದೆ ಇಲ್ಲ ಕಣೇ ನಂಗೆ!” ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಲೇ, ಹೋಗೇ, ಜೀವ ತೆಗೆದ್ಬಿಟ್ಟೆ,” ಅಂದಳು. ನೀವು ಹೋಗಿ ನೀನು ವಾಪಸ್ ಬಂದಿತ್ತು. ನಾನೂ ನಕ್ಕೆ. ನಗುತ್ತಲೇ ಚಾಪೆಯ ಮೇಲಿದ್ದ ಕಾಗದವನ್ನು ಮಡಿಸಲು ಎತ್ತಿಕೊಂಡೆ.

ಛಾಪಾ ಕಾಗದದ ಮೇಲೆ ತಾರೀಖು ಕಂಡಿತು. ಅದು ಈ ವಾರದ್ದಲ್ಲ, ಈ ವರ್ಷದ್ದೂ ಅಲ್ಲ. ನಾನು ಟೆಂಪೊದಲ್ಲಿ ಬಂದಿಳಿದ ಹನ್ನೊಂದನೆಯ ದಿನದ್ದು. ಬೆರಳು ಮಡಿಸಿ ಎರಡು ಸಲ ಎಣಿಸಿದೆ. ಹನ್ನೊಂದೇ. ನಾನಿನ್ನೂ ಬಟ್ಟೆಯ ಗಂಟು ಪೂರ್ತಿ ಬಿಚ್ಚಿರಲಿಲ್ಲ. ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಮಲಗಿರುತ್ತಿದ್ದ ದಿನಗಳವು. ಅಣ್ಣ ಸಂಜೆ ಬರುವಾಗ ನನಗೆಂದು ಬೋಂಡ ಕಟ್ಟಿಸಿಕೊಂಡು ಬರುತ್ತಿದ್ದ. ಅದೇ ಕೈ ಇದನ್ನೂ ತಂದಿತ್ತು. ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

“ಯಾರೋ ಹೇಳಿದ್ರು ಅಂತ ಮಾಡ್ಸಿಟ್ಟಿದ್ದೆ ಅಷ್ಟೇ. ನಿನ್ನ ಕೇಳಿದ್ನಾ ಯಾವತ್ತಾದ್ರೂ? ಕೊಡಿಲ್ಲಿ,” ಎಂದು ಅಣ್ಣ ಕೈ ಚಾಚಿದ. ಹರಿದು ಹಾಕುತ್ತಾನೆ ಅಂದುಕೊಂಡೆ. ಅವನು ಅದನ್ನು ಹಾಕಲು ಪ್ಲಾಸ್ಟಿಕ್ ಕವರಿನ ಬಾಯಿ ಬಿಡಿಸುತ್ತಿದ್ದ.

ನಾನು ಕೊಡಲಿಲ್ಲ. ಕೊನೆಯ ಹಾಳೆ ತಿರುಗಿಸಿದೆ. ಹಕ್ಕು ಬಿಡುವವರು ಇಬ್ಬರು. ಎರಡನೆಯದು ನನ್ನ ಹೆಸರು. ಪಕ್ಕದಲ್ಲಿ ಸಹಿ ಹಾಕಬೇಕಾದ ಕಡೆ ಪೆನ್ಸಿಲಿನಲ್ಲಿ ಒಂದು ಗುರುತು, ಉಳಿದಂತೆ ಖಾಲಿ. ಮೊದಲನೆಯದು ಅಮ್ಮನ ಹೆಸರು. ಅಲ್ಲಿ ಖಾಲಿ ಇರಲಿಲ್ಲ. ನೀಲಿ ಶಾಯಿಯ ಸಹಿ, ಒತ್ತಕ್ಷರ ಕೆಳಗಿನ ಗೆರೆ ದಾಟಿ ಜಾರಿತ್ತು. ಆ ಸಹಿ ಹಾಕುವುದನ್ನು ಅಮ್ಮನಿಗೆ ಕಲಿಸಿದವಳು ನಾನು, ಹೈಸ್ಕೂಲಿನಲ್ಲಿದ್ದಾಗ, ಸ್ಲೇಟಿನ ಮೇಲೆ, ಕೈ ಹಿಡಿದು.

“ಅಮ್ಮಾ, ಇದು ನಿನ್ನ ಸಹಿನಾ?”

ಅಮ್ಮ ಕಂಬದಿಂದ ಬೆನ್ನು ತೆಗೆಯಲಿಲ್ಲ. “ಹೂಂ,” ಅಂದರು. ಆಮೇಲೆ, ನನ್ನನ್ನು ಸಮಾಧಾನ ಮಾಡುವ ಅದೇ ಮೆತ್ತನೆಯ ದನಿಯಲ್ಲಿ, “ನೀನು ಯಾವತ್ತೂ ಭಾಗ ಕೇಳೋಳಲ್ಲ ಅಂತ ಗೊತ್ತಿತ್ತು ಕಣವ್ವಾ. ಅದಕ್ಕೇ ಹಾಕ್ದೆ,” ಅಂದರು.

ಅಣ್ಣ ಕವರು ಹಿಡಿದುಕೊಂಡೇ ನಿಂತಿದ್ದ. ಅತ್ತಿಗೆಯ ಮುಖದಲ್ಲಿ ನಗು ಇನ್ನೂ ಪೂರ್ತಿ ಆರಿರಲಿಲ್ಲ. ನಾನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಯಲ್ಲೇ ಇಟ್ಟುಕೊಂಡೆ.

“ಈಗ ಕೇಳ್ತಾ ಇದೀನಮ್ಮಾ,” ಅಂದೆ.