ಮಾರುತಿ ಹಾಸಿದ ಹುಲ್ಲು

ಮೊದಲು ಗೊತ್ತಾದದ್ದು ವಾಸನೆ. ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿ ಆಗಲೇ ಮೂರು ವಾರ. ಕಾಲು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅನ್ನ ಕಲಸುತ್ತಿದ್ದ ಹೆಂಡತಿ ಗಂಗವ್ವ ಕೈ ನಿಲ್ಲಿಸಿದಳು.

"ಏನೋ ಕೊಳತಂಗ ನಾರತೈತ್ರಿ."

ಕೊಳೆಯುತ್ತಿದ್ದವನು ನಾನೇ.

ನಾನು ಹಳಿಯಾಳದ ಹತ್ತಿರ ತೇರಗಾಂವದವನು. ಚೀನಾ ಯುದ್ಧ ಮುಗಿದ ಮೇಲೆ ಪಲ್ಟನ್ ಬಿಟ್ಟು ಬಂದೆ. ಅದೇ ಪಲ್ಟನ್ನಿನ ಮಾರುತಿಯೂ ಜೊತೆಗೆ ಬಂದ. ದಾಂಡೇಲಿ ಕಾಡಿಗೆ ಸಿನಿಮಾದವರು ಬಂದಾಗ ಕುದುರೆ ಓಡಿಸಲು, ಎತ್ತರದಿಂದ ಬೀಳಲು ಗಟ್ಟಿ ಜನ ಬೇಕಾಗಿತ್ತು. ಹೀಗೆ ಇಬ್ಬರೂ ಸ್ಟಂಟ್‌ನವರಾದೆವು. ನಾನು ಬೀಳುವವನು, ಅವನು ಕೆಳಗೆ ಹುಲ್ಲು ಹಾಸುವವನು. ಹಾಸಿದವನೇ ಮೊದಲು ಅದರ ಮೇಲೆ ಮಲಗಿ, ಹೊರಳಿ ನೋಡಿ, ಆಮೇಲೆ ಕೈ ಎತ್ತಬೇಕು. ಅವನು ಕೈ ಎತ್ತಿದರೆ ನಾನು ಕೆಳಗೆ ನೋಡುತ್ತಲೇ ಇರಲಿಲ್ಲ. ಹಿಮದಲ್ಲಿ ಒಂದೇ ಕಂಬಳಿ ಹೊದ್ದು ಮಲಗಿದವರಿಗೆ ಅನುಮಾನ ಎಲ್ಲಿಂದ ಬರಬೇಕು?

ಆ ಸಂಜೆ ಕಾಳಿ ನದಿಯ ದಂಡೆಯ ಬಂಡೆಯಿಂದ ಜಿಗಿಯಬೇಕಿತ್ತು. ಬೆಳಕು ಇಳಿಯುತ್ತಿತ್ತು. ಎಲ್ಲರಿಗೂ ಅವಸರ. ಮಾರುತಿ ಕೈ ಎತ್ತಿದ. ಜಿಗಿದೆ. ಬೆನ್ನಲ್ಲಿ ಏನೋ ಮುರಿದದ್ದು ನನಗೇ ಕೇಳಿಸಿತು. ಆಮೇಲೆ ಎಚ್ಚರವಿಲ್ಲ.

ಕಣ್ಣು ಬಿಟ್ಟಾಗ ಮಾರುತಿ ಪಕ್ಕದಲ್ಲಿ ಅಳುತ್ತಿದ್ದ. "ಹುಲ್ಲ ಬಿಟ್ಟು ಕಲ್ಲಿನ ಮ್ಯಾಲ ಬಿದ್ದೆಲ್ಲೋ ಬಸಪ್ಪಾ. ಗುರಿ ತಪ್ಪಿದಿ."

ಸಿನಿಮಾದವರೂ ಅದನ್ನೇ ಹೇಳಿ ಗಂಟುಮೂಟೆ ಕಟ್ಟಿದರು. ನಾನೂ ನಂಬಿದೆ.

ವಾಸನೆ ಬಂದ ದಿನ ಡಾಕ್ಟರರು ಪ್ಲಾಸ್ಟರಿನಲ್ಲಿ ಅಂಗೈಯಗಲ ಕಿಂಡಿ ಕೊಯ್ದರು. ತರಚುಗಾಯವೆಂದು ಟಿಂಕ್ಚರ್ ಹಚ್ಚಿ ಬಿಟ್ಟಿದ್ದ ಜಾಗದಲ್ಲಿ ಕೀವು ತುಂಬಿತ್ತು. ಇಕ್ಕಳ ಹಾಕಿ ಏನನ್ನೋ ಎಳೆದರು. ಪ್ರಾಣ ಹೋದಂತಾಯಿತು.

"ಬಿದರಿನ ಸೀಳು ಐತಿ ನೋಡ್ರಿ," ಎಂದರು.

ಕಲ್ಲಿನಲ್ಲಿ ಬಿದಿರು ಎಲ್ಲಿಂದ ಬಂತು?

ಅಲ್ಲಿ ಸುತ್ತ ಬರೀ ಬಂಡೆ. ಬಿದಿರು ಮೆಳೆ ಕಡಿದು ಬಯಲು ಮಾಡಿದ್ದ ಜಾಗ ಒಂದೇ. ಹುಲ್ಲು ಹಾಸಿದ್ದು ಅದರ ಮೇಲೆ. ಅಂದರೆ ನಾನು ಸರಿಯಾಗಿಯೇ ಬಿದ್ದಿದ್ದೆ. ಹುಲ್ಲಿನಡಿ ಬಿದಿರಿನ ಮೋಟು ಉಳಿದಿತ್ತು. ಮಾರುತಿ ಒಂದು ಸಲ ಹೊರಳಿದ್ದರೂ ಅವನಿಗೆ ಚುಚ್ಚುತ್ತಿತ್ತು.

ಭಾನುವಾರ ಅವನು ಎಂದಿನಂತೆ ಮೋಸಂಬಿ ಹಿಡಿದು ಬಂದ. ಆ ಸೀಳು ತೋರಿಸಿದೆ.

"ಹುಲ್ಲಿನ ಮ್ಯಾಲ ಮಲಗಿ ನೋಡಿದ್ದಿಯೇನಲೇ?"

ಮೋಸಂಬಿ ಚೀಲ ನೆಲಕ್ಕಿಟ್ಟ. "ಬೆಳಕ ಹೋಗಾಕತ್ತಿತ್ತು. ಎಲ್ಲಾರೂ ಒದರಾಕತ್ತಿದ್ರು. ನೋಡಲಿಲ್ಲೋ."

"ಹಂಗಂತ ಸಿನಿಮಾದವರಿಗೆ ಹೇಳು."

"ಹೇಳಿದ್ರ ನನ್ನ ಹುಲ್ಲಿನ ಮ್ಯಾಲ ಇನ್ನ ಯಾರ ಜಿಗೀತಾರ? ನನ್ನ ಹೊಟ್ಟಿ ಗತಿ ಏನು?"

ಗಂಗವ್ವ ಮೋಸಂಬಿ ಚೀಲ ತಿರುಗಿ ಅವನ ಕೈಗೆ ಕೊಟ್ಟಳು. "ಹೋಗಿ ಬರ್ರಿ ಅಣ್ಣಾರ," ಎಂದಳಷ್ಟೇ.

ಬೆನ್ನು ಮುರಿದದ್ದನ್ನು ಕ್ಷಮಿಸಿಯೇನು. ಅವಸರದಲ್ಲಿ ಯಾರ ಕೈಯಲ್ಲೂ ತಪ್ಪಾಗುತ್ತದೆ. ಆದರೆ ನಾನು ಮೂರು ವಾರ ನನ್ನನ್ನೇ ಬೈದುಕೊಳ್ಳುವುದನ್ನು ಪಕ್ಕದಲ್ಲೇ ಕೂತು ಕೇಳಿದನಲ್ಲ, ಬೆಡ್‌ಪ್ಯಾನ್ ಎತ್ತಿ, ಬಾಯಿಗೆ ನೀರು ಬಿಟ್ಟು, ಸಮಾಧಾನ ಹೇಳಿದನಲ್ಲ! ನಂಬಿಸಿ ಕತ್ತು ಕೊಯ್ಯುವುದು ಅಂದರೆ ಇದೇ. ಚೀನಾದವನ ಗುಂಡಿನ ಮೇಲೂ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ.

ಗಾಯ ಮಾಗಿತು. ಒಂದು ಬೆಳಿಗ್ಗೆ ಎಡಗಾಲಿನ ಹೆಬ್ಬೆರಳು ಅಲುಗಿತು. ಗಂಗವ್ವ ಕೂಗಿದ ಕೂಗಿಗೆ ಇಡೀ ವಾರ್ಡ್ ಓಡಿ ಬಂತು. ಈಗ ಕೋಲು ಹಿಡಿದು ಮನೆಯಿಂದ ಬಾವಿಯವರೆಗೆ ನಡೆಯುತ್ತೇನೆ. ಇಷ್ಟಾದದ್ದೇ ಪುಣ್ಯ ಎನ್ನುತ್ತಾರೆ ಡಾಕ್ಟರರು. ನಿಜವೇ. ಇಲ್ಲವೆನ್ನಲಾರೆ.

ಹೋದ ವಾರ ಲಾರಿ ಡ್ರೈವರನೊಬ್ಬ ಸುದ್ದಿ ತಂದ. ಜೊಯಿಡಾ ಕಡೆ ಶೂಟಿಂಗ್ ನಡೆದಿದೆಯಂತೆ. ಮಾರುತಿ ಈಗ ಹುಲ್ಲಿನ ಮೇಲೆ ಮೂರು ಮೂರು ಸಲ ಹೊರಳಿ ನೋಡುತ್ತಾನಂತೆ. ಒಳ್ಳೆಯದಾಯಿತು, ಬೀಳುವವನು ತನ್ನ ಕಾಲ ಮೇಲೆ ಮನೆಗೆ ಹೋದಾನು. ಹೊಸಬರಿಗೆ ಬುದ್ಧಿಯನ್ನೂ ಹೇಳುತ್ತಾನಂತೆ:

"ಗುರಿ ನೋಡಿ ಜಿಗೀರೆಪಾ. ನಮ್ಮ ಬಸಪ್ಪನಂಗ ತಪ್ಪಬ್ಯಾಡ್ರಿ."