ಹಡಗಿಗೆ ಕೊಟ್ಟ ಬಾಗಿಲವಾಡ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಗುಂಡ್ಲುಪೇಟೆಯ ಒಂದು ಸಾಮಿಲ್ಲಿನಲ್ಲಿ ನಾನು ‘ಇಲ್ಲ’ ಎಂದೆ. ಕೆಟ್ಟದ್ದೆಲ್ಲ ಅಲ್ಲಿಂದಲೇ ಶುರು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಮಧ್ಯಾಹ್ನ ಚಾಮರಾಜನಗರದ ಕಾಲೇಜಿನಲ್ಲಿ ಪಾಠ ಮಾಡಬೇಕಿತ್ತು, ನಿಮಿಷಕ್ಕೊಮ್ಮೆ ಮೊಬೈಲ್ ನೋಡುತ್ತಿದ್ದೆ.

ಹೋಗಿದ್ದ ಕೆಲಸ ಬಹಳ ಘನವಾದದ್ದು: ಹಡಗು ಕಟ್ಟುವುದು. ಕೆರೆಗೆ ನೀರು ಬಂದರೆ ಜನ ನಿಂತು ನೋಡುವ ಈ ಸೀಮೆಯಲ್ಲಿ ಹಡಗಿನ ಕೊರತೆಯೊಂದು ಉಳಿದಿತ್ತಲ್ಲ, ಅದನ್ನು ನೀಗಿಸಲು ಮೊಳದುದ್ದದ ಮಾದರಿ ಹಡಗಿನ ಕಿಟ್ ತರಿಸಿದ್ದೆ. ಪಕ್ಕೆಲುಬುಗಳನ್ನೆಲ್ಲ ಅಂಟಿಸಿ ನಿಲ್ಲಿಸಿಯೂ ಆಗಿತ್ತು. ಅವುಗಳ ಮೇಲೆ ತೆಳ್ಳನೆಯ ಮರದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಹೊದಿಸಬೇಕು. ಕಿಟ್‌ನಲ್ಲಿ ಬಂದ ಪಟ್ಟಿಗಳೋ ಹಪ್ಪಳ. ಹಡಗಿನ ಮೂತಿಯ ಹತ್ತಿರ ಬಾಗಿಸಿದರೆ ಮುರಿಯುತ್ತಿದ್ದವು.

ಓದಿದವನಲ್ಲವೇ, ಮರದ ಬಗ್ಗೆಯೂ ಓದಿದೆ. ಎಳೆ ನೇರವಾಗಿರಬೇಕು, ಗಂಟಿರಬಾರದು, ವರ್ಷಗಟ್ಟಲೆ ಒಣಗಿರಬೇಕು. ಇವೆಲ್ಲ ಗುಣಗಳೂ ತೆರಕಣಾಂಬಿಯ ನಮ್ಮ ಮನೆಯ ಹಿತ್ತಲಲ್ಲೇ ಒರಗಿದ್ದವು. ಮನೆ ರಿಪೇರಿ ಮಾಡಿಸುವಾಗ ಕಿತ್ತ ಹಳೆಯ ಬಾಗಿಲವಾಡದ ಒಂದು ಕಂಬ, ಅಪ್ಪಟ ಹಲಸು. ಒಂದಿಷ್ಟು ಉಜ್ಜಿದರೆ ಒಳಗೆ ಜೇನಿನ ಬಣ್ಣ.

“ಅದ ಕುಯ್ಸಿಯಾ? ಬ್ಯಾಡ ಕಣಪ್ಪಾ,” ಎಂದಳು ಅವ್ವ. “ನೀ ಉಟ್ಟಾಗ ಒಡ್ಸಿದ್ ಮೊಳ ಅದ ಅದ್ರೊಳ್ಗ.”

ಮಗುವಿಗೆ ಗಾಳಿ ಸೋಕದಿರಲಿ ಎಂದು ಬಾಗಿಲವಾಡಕ್ಕೆ ಕಬ್ಬಿಣದ ಮೊಳೆ ಹೊಡೆದು, ತಲೆ ಮುರಿದು ಒಳಗಿಳಿಸಿ, ಮೇಲೆ ಅರಿಶಿನ ಮೆತ್ತುವುದು ನಮ್ಮ ಮನೆಯ ಪದ್ಧತಿ. ಈ ಕಥೆಯನ್ನು ನೂರು ಸಲ ಕೇಳಿದ್ದೆ, ನೂರು ಸಲವೂ ನಕ್ಕಿದ್ದೆ. ಗಾಳಿ ಸೋಕುವುದೆಂಬುದು ಸುಳ್ಳು ಎಂದಮೇಲೆ ಮೊಳೆಯೂ ಸುಳ್ಳು ಎಂದು ನನ್ನ ಎರಡು ಡಿಗ್ರಿಗಳು ತೀರ್ಮಾನಿಸಿದವು.

ಸಾಮಿಲ್ಲಿನಲ್ಲಿ ಮರ ಕೊಯ್ಯುವ ಅಣ್ಣ ನಮ್ಮ ಅಪ್ಪನ ಕಾಲದಿಂದ ಪರಿಚಯ. ಕಂಬವನ್ನು ಬೆರಳ ಗಿಣ್ಣಿನಿಂದ ತಟ್ಟಿ ಕೇಳಿದ: “ಅಳೇ ಮರ ಮೇಷ್ಟ್ರೇ. ಮೊಳಗಿಳ ಏನಾರ ಅದಾ?”

“ಇಲ್ಲ ಅಣ್ಣ. ಎಲ್ಲ ಕಿತ್ತಿದ್ದೀನಿ.”

ಕಣ್ಣಿಗೆ ಕಂಡವನ್ನೆಲ್ಲ ಕಿತ್ತಿದ್ದೆ, ನಿಜ.

ಎರಡು ಪಟ್ಟಿ ರಿಬ್ಬನ್ನಿನಂತೆ ಬಂದವು. ಮೂರನೆಯದನ್ನು ಕೈಯಲ್ಲಿ ಹಿಡಿದು ಬಾಗಿಸಿ ನೋಡುತ್ತ ನಾನು ಸಂತೋಷಪಡುತ್ತಿದ್ದೆ. ನಾಲ್ಕನೆಯದಕ್ಕೆ ‘ಟಣ್’ ಎಂದಿತು. ಒಂದು ಕಿಡಿ. ಅಣ್ಣ ಮರದ ಪುಡಿಯ ಮೇಲೆ ಕುಳಿತಿದ್ದ, ಬಲಗಣ್ಣಿನ ಮೇಲೆ ಅಂಗೈ, ಬೆರಳ ಸಂದಿಯಲ್ಲಿ ರಕ್ತ. ಗರಗಸದ ಚಕ್ರ ಇನ್ನೂ ತಿರುಗುತ್ತಿತ್ತು.

“ಸ್ವಿಚ್ ಆಪ್ ಮಾಡಿ ಮೇಷ್ಟ್ರೇ!”

ಗೋಡೆಯಲ್ಲಿ ನಾಲ್ಕು ಸ್ವಿಚ್ ಇದ್ದವು. ನಾನು ಮೊದಲು ಫ್ಯಾನ್ ನಿಲ್ಲಿಸಿದೆ, ಆಮೇಲೆ ದೀಪ. ಕೊನೆಗೆ ಅವನೇ ತೆವಳಿ ಬಂದು ಗರಗಸ ನಿಲ್ಲಿಸಿದ.

ಹಾರಿದ್ದು ಗರಗಸದ ಒಂದು ಹಲ್ಲು. ಹುಬ್ಬಿಗೆ ಐದು ಹೊಲಿಗೆ ಬಿದ್ದವು. ಏಟು ಬಿದ್ದು ಕಣ್ಣೊಳಗೆ ರಕ್ತ ನಿಂತಿದೆ, ಅದು ತಿಳಿಯಾಗುವವರೆಗೆ ನೋಟ ಉಳಿಯುತ್ತದೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ಹಾಸಿಗೆಯ ಪಕ್ಕ ನಿಂತ ನನ್ನ ಮುಖ ಹೇಗಿತ್ತೋ, ಅಣ್ಣನೇ ಸಮಾಧಾನ ಹೇಳಿದ: “ಇನ್ನೊಂದ್ ಕಣ್ಣು ಅದಲ್ಲ, ಬುಡಿ.”

ಅವನ ಹೆಂಡತಿ ಅಷ್ಟು ಧಾರಾಳಿಯಲ್ಲ. “ಅಲ್ಲ ಮೇಷ್ಟ್ರೇ, ಆ ಅಡಗ ಎಲ್ ಬುಟ್ಟೀರಿ? ಕಬಿನೀಲಾ? ಅದ್ರ ಮ್ಯಾಲ ಯಾರ್ನ ಕೂರ್ಸೀರಿ, ಇಲೀನಾ?”



ಮನೆಯಲ್ಲಿ ಅವ್ವನದು ಬೇರೆಯೇ ಲೆಕ್ಕ. “ನೋಡ್ದಾ? ಮೊಳ ನಿನ್ನ ಕಾಯ್ತು.” ಹೌದು, ಕಾಯಿತು. ಅಷ್ಟು ವರ್ಷ ಮರದೊಳಗೆ ಕಾದಿದ್ದು, ಸರಿಯಾದ ಹೊತ್ತಿಗೆ ಇನ್ನೊಬ್ಬರ ಕಣ್ಣನ್ನು ಮುಂದೆ ಮಾಡಿ ನನ್ನನ್ನು ಕಾಯಿತು. ದಿನವೂ ನಿದ್ದೆ ಹತ್ತುತ್ತಿದ್ದಂತೆ ಕಿವಿಯಲ್ಲಿ ‘ಟಣ್’ ಎನ್ನುತ್ತಿತ್ತು. ನಾನು ಎದ್ದು ಕುಳಿತು, ಹನ್ನೊಂದು ಇಪ್ಪತ್ತಕ್ಕೆ ವಾಪಸ್ ಹೋಗಿ, ಈ ಸಲ ‘ಇರಬಹುದು ಅಣ್ಣ’ ಎನ್ನುತ್ತಿದ್ದೆ. ಎಷ್ಟು ಸಲ ಹೇಳಿದರೂ ಅವನು ಕೇಳಿಸಿಕೊಳ್ಳಲಿಲ್ಲ.

ಹತ್ತನೆಯ ದಿನ ಶನಿವಾರ. ಇನ್ನು ಮುಂದೆ ಮರದೊಳಗಿನ ಮೊಳೆ ಹುಡುಕಲು ಅವನಿಗಿರಲಿ ಎಂದು ಕಾಲೇಜಿನ ಲ್ಯಾಬಿನಿಂದ ಒಂದು ಅಯಸ್ಕಾಂತ ಕೇಳಿ ತಂದು, ಅದನ್ನೂ ಆ ಮೂರು ಪಟ್ಟಿಗಳನ್ನೂ ಹಿಡಿದು ಅವನ ಮನೆಗೆ ಹೋದೆ. ಕಣ್ಣಿನ ಕಟ್ಟು ಬಿಚ್ಚಿದ್ದರು. ಅಣ್ಣ ಜಗಲಿಯಲ್ಲಿ ಕುಳಿತಿದ್ದ. ನಾನು ಕೇಳುವ ಮೊದಲೇ ಒಳ್ಳೆಯ ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು, “ಕೊಡಿ ಇಲ್ಲಿ” ಎಂದ.

ಪಟ್ಟಿಗಳನ್ನು ಬೆಳಕಿಗೆ ಹಿಡಿದು ಒಂದೊಂದನ್ನೇ ತಿರುಗಿಸಿದ.

“ಇದ್ರಲ್ಲಿ ಎಳೆ ಓರೆ ಅದ, ಬಗ್ಸುದ್ರ ಮುರೀತದ. ಇದು ನೆಟ್ಟಗದ. ಇದ್ಯಾವ್ದು...” ಮೂರನೆಯದರ ಮೇಲೆ ಉಗುರಿಟ್ಟ. “ಇಲ್ ನೋಡಿ, ಕಪ್ಪು. ಪಕ್ಕದಲ್ಲಿ ಕಬ್ಬುಣ ಇದ್ರ ಮರ ಇಂಗೇ ಬಣ್ಣ ತಿರುಗ್ತದ. ಕೈಲೇ ಇಡ್ಕಂಡಿದ್ರಲ್ಲ ಮೇಷ್ಟ್ರೇ, ಕಾಣ್ನಿಲ್ವಾ?”

ಎಳ್ಳುಕಾಳಿನಷ್ಟು ಬೂದುಗಪ್ಪು ಕಲೆ. ಕನ್ನಡಕ ಹಾಕಿಕೊಂಡು ಹತ್ತು ದಿನ ನೋಡಿದ್ದರೂ ನನಗೆ ಕಂಡಿರಲಿಲ್ಲ.

“ಆ ಕಣ್ಣು ಹೇಗಿದೆ ಅಣ್ಣ?” ಎಂದೆ.

“ವಸಿ ಮಂಜು ಅದ. ನಿಮ್ ಕಣ್ಗಿಂತ ವಾಸಿ.”

ಮನೆಗೆ ಬಂದವನು, ಅವನು ಆರಿಸಿಕೊಟ್ಟ ನೆಟ್ಟಗಿನ ಪಟ್ಟಿಯನ್ನು ಬಾಗಿಸಲೆಂದು ಬಿಸಿನೀರಿನಲ್ಲಿ ನೆನೆಹಾಕಿದೆ. ಅರ್ಧ ಗಂಟೆ ಸಾಕು, ಆಮೇಲೆ ತೆಗೆಯಬೇಕು ಎಂದುಕೊಂಡು ಮಂಚದ ಮೇಲೆ ಒರಗಿದೆ. ಕಣ್ಣು ಬಿಟ್ಟಾಗ ಭಾನುವಾರ, ಕಿಟಕಿಯಲ್ಲಿ ಬಿಸಿಲು; ರಾತ್ರಿ ‘ಟಣ್’ ಎಂದದ್ದೇ ಇಲ್ಲ. ಪಟ್ಟಿ ಊದಿ ಸೊಟ್ಟಗಾಗಿ ಕೆಲಸಕ್ಕೆ ಬಾರದ ಹಾಗಾಗಿತ್ತು.